ಅಳತೆ ಕಟ್ಟಿದ ಕೈ

"ಗುರುಗಳೇ, ಒಬ್ಬ ಆಳಿನ ಬಲವನ್ನೂ ಒಂದು ರಾಜ್ಯದ ಬಲವನ್ನೂ ಒಂದೇ ಅಳತೆಯಲ್ಲಿ ಹೇಳಬಹುದೇ?" ಎಂದು ಶಿಷ್ಯ ಕೇಳಿದ.

"ಹೇಳಬಹುದು. ಗುಣಿಸಲು ಬಂದರೆ ಸಾಕು" ಎಂದರು ಗುರು.

"ಹಾಗಾದರೆ ರಾಜ್ಯದ ಬಲ ಎಷ್ಟೆಂದು ಗೊತ್ತಿರುವವನು ಭಾಗಿಸುತ್ತ ಕೆಳಗೆ ಬಂದರೆ, ಆಳಿನ ಬಲವೂ ಅವನಿಗೆ ಗೊತ್ತಾದ ಹಾಗೆಯೇ. ಅಲ್ಲವೇ?"

ಆ ಶಿಷ್ಯ ಲೆಕ್ಕದಲ್ಲಿ ಬಹಳ ಚುರುಕು. ಅರಮನೆಯ ಅಳತೆಯ ಕಚೇರಿಯಿಂದ ಅವನಿಗೆ ಕರೆ ಬಂದಿತ್ತು. ಮಾರನೆಯ ಬೆಳಿಗ್ಗೆ ಹೊರಡುವವನಿದ್ದ. ಬಟ್ಟೆಯ ಗಂಟನ್ನು ಆಗಲೇ ಕಟ್ಟಿ ಬಾಗಿಲ ಬಳಿ ಇಟ್ಟಿದ್ದ. ಗುರು ಆ ಗಂಟನ್ನು ಒಮ್ಮೆ ನೋಡಿದರು. ಕುಳಿತುಕೋ ಎಂದು ಕೈಯಲ್ಲೇ ಹೇಳಿ ಕತೆ ತೊಡಗಿದರು.

ಒಂದು ರಾಜ್ಯವಿತ್ತು. ಅಲ್ಲಿ ಬಲಕ್ಕೆ ಒಂದೊಂದು ಕಸುಬಿನಲ್ಲಿ ಒಂದೊಂದು ಲೆಕ್ಕ. ಉಳುವವನು ಜೋಡಿ ಎತ್ತಿನಲ್ಲಿ ಹೇಳುತ್ತಿದ್ದ. ಎಣ್ಣೆ ತೆಗೆಯುವವನು ಗಾಣದಲ್ಲಿ ಹೇಳುತ್ತಿದ್ದ. ಗಣಿಯವನು ಒಂದು ಗಳಿಗೆಗೆ ಎಷ್ಟು ಬಾನಿ ನೀರು ಎತ್ತಿದೆ ಎಂದು ಹೇಳುತ್ತಿದ್ದ. ಒಬ್ಬನ ಲೆಕ್ಕ ಇನ್ನೊಬ್ಬನಿಗೆ ತಿಳಿಯುತ್ತಿರಲಿಲ್ಲ. ಅದರಿಂದ ಯಾರ ಕೆಲಸವೂ ನಿಂತಿರಲಿಲ್ಲ.

ಒಮ್ಮೆ ಪಕ್ಕದ ರಾಜ್ಯದ ಅರಸ ತನ್ನ ಬಲ ದೊಡ್ಡದೆಂದು ಎಲ್ಲ ಕಡೆ ಹೇಳಿಕೊಂಡ. ಅದು ಈ ಅರಸನ ಕಿವಿಗೂ ಬಿತ್ತು. ಅವನು ತನ್ನ ಅಳತೆಯ ಅಧಿಕಾರಿಯನ್ನು ಕರೆದು, "ನಮ್ಮ ಬಲ ಎಷ್ಟು?" ಎಂದು ಕೇಳಿದ.

"ಎತ್ತನ್ನೂ ಗಾಣವನ್ನೂ ಬಾನಿಯನ್ನೂ ಕೂಡಿಸಲು ಬರುವುದಿಲ್ಲ ಪ್ರಭು. ಮೊದಲು ಎಲ್ಲವನ್ನೂ ಒಂದೇ ಹೆಸರಿಗೆ ತರಬೇಕು."

"ಹಾಗಾದರೆ ತಾ" ಎಂದ ಅರಸ.

ಅಧಿಕಾರಿ ಒಳ್ಳೆಯ ಮನುಷ್ಯ. ಯಾರ ಲಂಚವನ್ನೂ ಮುಟ್ಟುತ್ತಿರಲಿಲ್ಲ. ಕಣ್ಣಿಂದ ಕಂಡದ್ದನ್ನು ಬರೆಯುತ್ತಿದ್ದ, ಕಾಣದ್ದನ್ನು ಬರೆಯುತ್ತಿರಲಿಲ್ಲ. ಎಲ್ಲಕ್ಕಿಂತ ಸಣ್ಣದು ಒಬ್ಬ ಮನುಷ್ಯನ ಬಲ, ಅದರ ಅಳತೆ ಕಟ್ಟಿಕೊಂಡರೆ ಉಳಿದದ್ದನ್ನೆಲ್ಲ ಅದರ ಮೇಲೆ ಕಟ್ಟಬಹುದು ಎಂದು ಅವನು ಯೋಚಿಸಿದ. ಅದಕ್ಕಾಗಿ ಅರಸನ ತಾಮ್ರದ ಗಣಿಗೆ ಬಂದ.

ಗಣಿಯೆಂದರೆ ಬಾವಿಯಂಥ ಒಂದು ಆಳದ ಗುಂಡಿ. ತಳದಿಂದ ಪಕ್ಕಕ್ಕೆ ಕೊರೆದ ಸುರಂಗ. ಕಲ್ಲಿನ ಸಂದಿನಿಂದ ಅಲ್ಲಿ ನೀರು ಜಿನುಗುತ್ತಲೇ ಇರುತ್ತದೆ. ಎತ್ತಿ ಹಾಕುತ್ತಲೇ ಇರಬೇಕು. ನಿಲ್ಲಿಸಿದರೆ ಸುರಂಗ ತುಂಬುತ್ತದೆ. ಗುಂಡಿಯ ಬಾಯಿಗೆ ನಾಲ್ಕು ರಾಟೆಗಳು. ಒಂದೊಂದು ರಾಟೆಗೆ ಒಂದೊಂದು ಹಲಗೆ. ಹಲಗೆಯ ಮೇಲೆ ಒಬ್ಬನಿಗೆ ಮಾತ್ರ ಜಾಗ. ತಳದಲ್ಲಿರುವವನು ತೊಗಲ ಬಾನಿಯನ್ನು ತುಂಬಿಸುತ್ತಾನೆ. ಹಲಗೆಯ ಮೇಲಿರುವವನು ಹಗ್ಗ ಎಳೆದು, ಬಾನಿಯನ್ನು ಮೇಲೆ ತಂದು, ಹೊರಗೆ ಸುರಿಯುತ್ತಾನೆ.

ಅಳತೆಯ ದಿನ ಅರಸನೂ ನೋಡಲು ಬಂದ. ಅರಸ ಬರುವಾಗ ಯಾರೂ ಬಡಕಲನನ್ನು ಮುಂದೆ ನಿಲ್ಲಿಸುವುದಿಲ್ಲ. ಗಣಿಯ ಯಜಮಾನ ತನ್ನವರಲ್ಲೆಲ್ಲ ಗಟ್ಟಿಗನಾದ ಒಬ್ಬನನ್ನು ಆರಿಸಿ ಹಲಗೆಯ ಮೇಲೆ ನಿಲ್ಲಿಸಿದ.

ಆ ಗಟ್ಟಿಗನಿಗೆ ಒಬ್ಬ ತಮ್ಮನಿದ್ದ. ತಂದೆ ತಾಯಿ ಇರಲಿಲ್ಲ. ತಮ್ಮನಿಗೆ ಹುಟ್ಟಿದಂದಿನಿಂದ ಉಬ್ಬಸ. ಅವನೂ ಅದೇ ಗಣಿಯಲ್ಲಿ ಹಗ್ಗ ಎಳೆಯುತ್ತಿದ್ದ, ಆದಷ್ಟು ಎಳೆಯುತ್ತಿದ್ದ. ಅಲ್ಲಿಯವರೆಗೆ ಗಣಿಯಲ್ಲಿ ಎಲ್ಲರಿಗೂ ಒಂದೇ ಪಡಿ ರಾಗಿ. ಯಾರು ಎಷ್ಟು ಎಳೆದರೆಂದು ಎಣಿಸುವವರಿರಲಿಲ್ಲ. ಸುರಂಗಕ್ಕೆ ನೀರು ಏರದಿದ್ದರೆ ಆಯಿತು.

ತೊಟ್ಟಿಯ ನೀರಿನ ಮೇಲೆ ಗಳಿಗೆಯ ಬಟ್ಟಲನ್ನು ತೇಲಿಬಿಟ್ಟರು. ಅದು ತಳದಲ್ಲಿ ತೂತಿರುವ ತಾಮ್ರದ ಬಟ್ಟಲು. ನೀರು ತುಂಬಿ ಅದು ಮುಳುಗಿದರೆ ಒಂದು ಗಳಿಗೆ ಮುಗಿಯಿತು. ಅರಸ ನೋಡುತ್ತಿದ್ದ. ಊರೇ ನೋಡುತ್ತಿತ್ತು. ಅಣ್ಣ ಹಲ್ಲು ಕಚ್ಚಿ ಎಳೆದ. ಸಾಮಾನ್ಯ ದಿನ ಗಳಿಗೆಗೆ ಇಪ್ಪತ್ತು ಬಾನಿ ಎತ್ತುವವನು ಅಂದು ಮೂವತ್ತು ಎತ್ತಿದ. ಜನ ಕೂಗಿದರು. ಅರಸ ತನ್ನ ಕೈಯ ಬೆಳ್ಳಿ ಕಡಗ ತೆಗೆದು ಕೊಟ್ಟ. ಅಣ್ಣ ಕಡಗ ತೊಟ್ಟು ಮನೆಗೆ ಹೋದ. ಆಮೇಲೆ ಎರಡು ದಿನ ಅವನಿಗೆ ತುತ್ತನ್ನು ಬಾಯಿಗೆ ಒಯ್ಯಲೂ ಕೈ ಏಳಲಿಲ್ಲ. ತಮ್ಮ ಕಲಸಿ ತಿನ್ನಿಸಿದ.

"ಅರಸರ ಕಡಗ ತೊಟ್ಟವರು ತಾವಾಗಿ ಉಣ್ಣುವುದಿಲ್ಲ ಅಂತ ಕಾಣುತ್ತದೆ" ಎಂದು ನಕ್ಕ.

ಅಧಿಕಾರಿ ಮೂವತ್ತು ಬಾನಿಯನ್ನು ಬರೆದುಕೊಂಡು ಹೋದ. ಅದಕ್ಕೆ ಆಳು ಎಂದು ಹೆಸರಿಟ್ಟ. ಒಂದು ಗಾಣಕ್ಕೆ ಇಷ್ಟು ಆಳು, ಒಂದು ಜೋಡಿ ಎತ್ತಿಗೆ ಇಷ್ಟು ಆಳು ಎಂದು ಗೊತ್ತು ಮಾಡಿದ. ರಾಜ್ಯ ದೊಡ್ಡದು, ಎಲ್ಲವನ್ನೂ ಆಳಿನಲ್ಲೇ ಹೇಳಿದರೆ ನಾಲಗೆ ಸೋಲುತ್ತದೆ. ಆದ್ದರಿಂದ ನೂರು ಆಳಿಗೆ ಒಂದು ಆನೆ ಎಂದ. ನೂರು ಆನೆಗೆ ಒಂದು ದಿಗ್ಗಜ. ನೂರು ದಿಗ್ಗಜಕ್ಕೆ ಒಂದು ಮೇರು. ಅರ್ಧ ಆನೆಗಿಂತ ಕಡಿಮೆಯಾದದ್ದನ್ನು ಅರಮನೆಗೆ ಬರೆಯಬೇಕಾಗಿಲ್ಲ ಎಂದೂ ಹೇಳಿದ. ಸಣ್ಣದನ್ನೆಲ್ಲ ಬರೆಯುತ್ತ ಹೋದರೆ ದೊಡ್ಡದು ಕಾಣುವುದಿಲ್ಲವಲ್ಲ.

ಇಲ್ಲಿ ಶಿಷ್ಯ ಸುಮ್ಮನಿರಲಾರದೆ, "ನೂರರ ಬದಲು ಸಾವಿರ ಸಾವಿರವಾಗಿ ಏರಿಸಿದ್ದರೆ ಇನ್ನೂ ಸಲೀಸು ಗುರುಗಳೇ. ಎರಡೇ ಮೆಟ್ಟಿಲಿಗೆ ಮೇರು ಬರುತ್ತಿತ್ತು" ಎಂದ.

"ಬರುತ್ತಿತ್ತು" ಎಂದು ಗುರು ಮುಂದುವರಿಸಿದರು.

ಜನರನ್ನು ತಲೆಗೊಂದು ಆಳೆಂದು ಹಿಡಿದು ಎಲ್ಲ ಕೂಡಿಸಿದಾಗ ರಾಜ್ಯದ ಬಲ ಆರು ಮೇರು ಆಯಿತು. ಪಕ್ಕದ ರಾಜ್ಯದ್ದು ಐದೂವರೆ ಎಂದು ಗೂಢಚಾರರು ಲೆಕ್ಕ ತಂದರು. ಅರಸನಿಗೆ ಸಂತೋಷವಾಯಿತು. ಆರು ಮೇರು ಕೈಯಲ್ಲಿರುವವನು ಸುಮ್ಮನೆ ಕೂರಬಾರದೆಂದು ಒಂದು ಕೋಟೆ, ಒಂದು ಕಾಲುವೆ, ಇನ್ನಷ್ಟು ಗಣಿಗಳು, ಎಲ್ಲವನ್ನೂ ಒಟ್ಟಿಗೇ ತೊಡಗಿಸಿದ. ಆರು ಮೇರು ಬೇಕಾಗುವಷ್ಟು ಕೆಲಸ ನೋಡಿ ನೋಡಿ ಗೊತ್ತು ಮಾಡಿದ. ಒಂದು ಆಳೂ ದಂಡವಾಗಬಾರದು.

ಆಗ ಗಣಿಗೆ ಹೊಸ ಕಟ್ಟಳೆ ಬಂತು. ಒಬ್ಬ ಮನುಷ್ಯ ಎಂದರೆ ಗಳಿಗೆಗೆ ಮೂವತ್ತು ಬಾನಿ. ಮೂವತ್ತು ಎತ್ತಿದವನಿಗೆ ಒಂದು ಪಡಿ ರಾಗಿ. ಇಪ್ಪತ್ತು ಎತ್ತಿದವನು ಮುಕ್ಕಾಲು ಆಳೂ ಅಲ್ಲ. ಅವನಿಗೆ ಪಡಿಯೂ ಅದೇ ಲೆಕ್ಕದಲ್ಲಿ. ಇದರಲ್ಲಿ ಅನ್ಯಾಯವೇನೂ ಇಲ್ಲವೆಂದು ಎಲ್ಲರಿಗೂ ಕಂಡಿತು. ಎತ್ತಿದಷ್ಟು ತಿನ್ನುವುದು ತಾನೇ.

ಆದರೆ ಇಂದು ಕಡಿಮೆ ತಿಂದವನು ನಾಳೆ ಕಡಿಮೆ ಎತ್ತಿದ. ನಾಳೆ ಕಡಿಮೆ ಎತ್ತಿದವನು ನಾಡಿದ್ದು ಇನ್ನೂ ಕಡಿಮೆ ತಿಂದ.

ಒಂದು ವರ್ಷದೊಳಗೆ ಹಲಗೆಯ ಮೇಲೆ ನಿಲ್ಲುವವರ ಮುಖಗಳು ಬದಲಾದವು. ಕೆಲವರು ಹಾಸಿಗೆ ಹಿಡಿದರು. ಕೆಲವರು ಹಗ್ಗ ಹಿಡಿದಲ್ಲೇ ಬಿದ್ದರು. ಅರ್ಧ ಆನೆಯಷ್ಟು ಜನ ಒಮ್ಮೆಗೇ ಸಾಯಲಿಲ್ಲವಾದ್ದರಿಂದ ಅರಮನೆಗೆ ಸುದ್ದಿ ಹೋಗಲಿಲ್ಲ. ರಾಜ್ಯದ ಬಲ ಆರು ಮೇರುವೇ ಇತ್ತು.

ಅಣ್ಣನಿಗೂ ಇಡೀ ದಿನ ಮೂವತ್ತು ಎಳೆಯಲು ಆಗುತ್ತಿರಲಿಲ್ಲ. ಆದರೆ ಜನ ಅದನ್ನು ನೋಡಲಿಲ್ಲ. ಅವನು ದಾರಿಯಲ್ಲಿ ಬಂದರೆ, "ಬಂದನಪ್ಪ ಒಂದು ಆಳು, ದಾರಿ ಬಿಡಿ" ಎನ್ನುತ್ತಿದ್ದರು. ಗಣಿಯಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ಮುದುಕಿ ಒಂದು ದಿನ ಅವನನ್ನು ತಡೆದು ನಿಲ್ಲಿಸಿದಳು. ಬೈಯಲಿಲ್ಲ. "ಅವತ್ತು ಒಂದು ದಿನ ನಿನಗೆ ಜ್ವರ ಬರಬಾರದಿತ್ತೇ ಮಗಾ?" ಎಂದು ಕೇಳಿದಳು.

ಅವನು ಕಡಗ ಬಿಚ್ಚಿ ಒಲೆಯ ಹಿಂದೆ ಇಟ್ಟ. ಮತ್ತೆ ತೊಡಲಿಲ್ಲ.

ಮನೆಯಲ್ಲಿ ತಮ್ಮ ಸೊರಗುತ್ತಿದ್ದ. ಎಷ್ಟು ಎಳೆದರೂ ಅವನಿಂದ ಹದಿನೈದಕ್ಕಿಂತ ಹೆಚ್ಚಾಗುತ್ತಿರಲಿಲ್ಲ. ಅಣ್ಣ ತನ್ನ ಪಾಲಿನದನ್ನು ಅವನ ತಟ್ಟೆಗೆ ತಳ್ಳಿದರೆ ಅವನು ಮರಳಿ ತಳ್ಳುತ್ತಿದ್ದ. "ನಿನ್ನನ್ನು ಅವರು ಅಳೆಯಬೇಕಾಗಿದ್ದದ್ದು ಗಣಿಯಲ್ಲಲ್ಲ ಅಣ್ಣ. ಯಾವುದಾದರೂ ಮದುವೆಮನೆಯ ಪಂಕ್ತಿಯಲ್ಲಿ. ನೀನು ಉಂಡಷ್ಟನ್ನು ಒಂದು ಹೊಟ್ಟೆ ಎಂದು ಬರೆದಿದ್ದರೆ ಇವತ್ತು ರಾಜ್ಯದಲ್ಲೆಲ್ಲ ನಿನಗೆ ಪೂಜೆಯಾಗುತ್ತಿತ್ತು" ಎನ್ನುತ್ತಿದ್ದ. ನಗಲು ಹೋಗಿ ಕೆಮ್ಮುತ್ತಿದ್ದ. ಕೆಮ್ಮು ನಿಲ್ಲುವವರೆಗೆ ಅಣ್ಣ ಅವನ ಬೆನ್ನು ನೀವುತ್ತ ಕೂರುತ್ತಿದ್ದ. ಕೈಗೆ ಎಲುಬುಗಳು ಒಂದೊಂದೇ ಸಿಗುತ್ತಿದ್ದವು. ಹೀಗೇ ನಡೆದರೆ ತಮ್ಮ ಉಳಿಯುವುದಿಲ್ಲ ಎಂದು ಆ ಕೈಗೆ ತಿಳಿಯಿತು.

ಅಣ್ಣ ರಾಜಧಾನಿಗೆ ನಡೆದುಹೋಗಿ ಅಧಿಕಾರಿಯನ್ನು ಕಂಡ.

"ಸ್ವಾಮಿ, ಅವತ್ತು ನಾನು ಎಳೆದದ್ದು ಒಂದು ಗಳಿಗೆ. ಅರಸರು ನೋಡುತ್ತಿದ್ದರು. ಆಮೇಲೆ ಎರಡು ದಿನ ನನಗೆ ಕೈ ಎತ್ತಲಾಗಲಿಲ್ಲ."

"ಎಳೆಯುವಾಗ ಏನಾದರೂ ಮೋಸ ಮಾಡಿದೆಯಾ?"

"ಇಲ್ಲ ಸ್ವಾಮಿ."

"ಹಾಗಾದರೆ ನಾನು ಬರೆದದ್ದರಲ್ಲಿ ತಪ್ಪೇನು?"

ಅಣ್ಣ ಕೈ ಮುಗಿದ. "ಐದು ಬಾನಿ ಇಳಿಸಿ ಸ್ವಾಮಿ. ಹೆಚ್ಚು ಕೇಳುವುದಿಲ್ಲ. ಮೂವತ್ತನ್ನು ಇಪ್ಪತ್ತೈದು ಮಾಡಿ. ನಿಮಗೆ ಅದು ಯಾವ ಲೆಕ್ಕ?" ಎಂದ.

ಅಧಿಕಾರಿ ಅವನನ್ನು ಕೂರಿಸಿ ಸಮಾಧಾನದಿಂದ ತಿಳಿಹೇಳಿದ. "ನಿನ್ನ ಹಲಗೆಯ ಮೇಲೆ ಅದು ಐದೇ ಬಾನಿ. ನನ್ನ ಕಡೆಯಿಂದ ನೋಡು. ಆರು ಮೇರುವಿನ ಕೆಲಸ ನಡೆಯುತ್ತಿದೆ. ಒಬ್ಬೊಬ್ಬನಲ್ಲೂ ಐದು ಬಾನಿ ಕಡಿಮೆಯಾದರೆ ಮೇಲೆ ಒಂದು ಮೇರು ಕಡಿಮೆ ಬೀಳುತ್ತದೆ. ಒಂದು ಮೇರು ಎಂದರೆ ಹತ್ತು ಲಕ್ಷ ಆಳು. ಅಷ್ಟು ಜನರನ್ನು ನಾನು ಎಲ್ಲಿಂದ ತರಲಿ?"

"ಆ ಹತ್ತು ಲಕ್ಷ ಜನ ಈಗ ಎಲ್ಲಿದ್ದಾರೆ ಸ್ವಾಮಿ?"

"ಎಲ್ಲೂ ಇಲ್ಲ. ಅದಕ್ಕೇ ಹೇಳಿದ್ದು."

"ಇಲ್ಲದವರ ಪಾಲಿನ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ?"

ಅಧಿಕಾರಿ ಎದ್ದು, ಕಟ್ಟಳೆಗಳ ಓಲೆಯನ್ನು ತೆಗೆದು ಅವನಿಗೆ ಓದಿ ಹೇಳಿದ. ಅವನು ಒಳ್ಳೆಯ ಮನುಷ್ಯ ಎಂದು ಹೇಳಿದೆನಲ್ಲ.

ಅಳತೆಯ ಕಚೇರಿಗೆ ಒಂದು ಹಳೆಯ ಕಟ್ಟಳೆಯಿತ್ತು. ಸೇರಾಗಲಿ, ಮಾರಾಗಲಿ, ಅಳತೆಯನ್ನು ಕಟ್ಟಿದ ಕೈಯೇ ಅದನ್ನು ಬಿಚ್ಚಬೇಕು. ಸೇರು ಕೊರೆದ ಬಡಗಿ ತಾನೇ ಇನ್ನೊಂದು ಸೇರು ಕೊರೆದರೆ ಮಾತ್ರ ಹಳೆಯದು ಹೋಗಿ ಹೊಸದು ನಡೆಯುತ್ತದೆ. ಅದೂ ಒಂದೇ ಸಲ. ಎರಡನೆಯ ಸಲ ಕಟ್ಟಿದ್ದನ್ನು ಆಮೇಲೆ ಯಾರೂ ಬಿಚ್ಚುವ ಹಾಗಿಲ್ಲ.

"ಬಾಯಿಮಾತಿಗೆ ಅಳತೆ ಇಳಿಸಲಾರೆ" ಎಂದ ಅಧಿಕಾರಿ. "ನಾನೇ ನಿಮ್ಮ ಗಣಿಗೆ ಬರುತ್ತೇನೆ. ಅದೇ ರಾಟೆ, ಅದೇ ಬಾನಿ, ಅದೇ ಬಟ್ಟಲು. ಅರಸರು ಇರುವುದಿಲ್ಲ. ನೀನು ಇನ್ನೊಮ್ಮೆ ಎಳೆ. ನೀನು ಎಷ್ಟು ಎಳೆಯುತ್ತೀಯೋ ಅದೇ ಅಳತೆ." ಅಣ್ಣ ಎದ್ದು ಬಾಗಿಲವರೆಗೆ ಹೋದಾಗ, "ಆತುರ ಪಡಬೇಡ" ಎಂದೂ ಸೇರಿಸಿದ. ಅಷ್ಟರಿಂದ ಅಣ್ಣನಿಗೆ ಅರ್ಥವಾಯಿತು.

ಸುದ್ದಿ ತಿಳಿದು ಊರಿನವರು ಅವನನ್ನು ಆಡಿಕೊಳ್ಳುವುದನ್ನು ಬಿಟ್ಟರು. ಮುದುಕಿ ಒಂದು ಬಟ್ಟಲು ಮಜ್ಜಿಗೆ ತಂದುಕೊಟ್ಟಳು. ಆದರೆ ಅಣ್ಣನಿಗೆ ಬೇರೆ ಚಿಂತೆ ಹತ್ತಿತು. ನಿಧಾನವಾಗಿ ಎಳೆಯುವುದು ಅವನಿಗೆ ಗೊತ್ತಿರಲಿಲ್ಲ. ಹಗ್ಗ ಹಿಡಿದರೆ ಕೈ ತಾನಾಗಿ ಓಡುತ್ತಿತ್ತು. ಕೊನೆಗೆ ತಮ್ಮನೇ ಅವನನ್ನು ಊರ ಬಾವಿಗೆ ಕರೆದುಕೊಂಡು ಹೋಗಿ ಕಲಿಸಿದ.

"ಬಾನಿ ಮೇಲೆ ಬಂತೇ? ಸುರಿದೆಯಾ? ಈಗ ಒಂದು ಉಸಿರು ಸುಮ್ಮನೆ ನಿಲ್ಲು. ಆಮೇಲೆ ಹಗ್ಗ ಬಿಡು. ನಾನು ವಿಧಿಯಿಲ್ಲದೆ ನಿಲ್ಲುತ್ತೇನೆ. ನೀನು ಬೇಕೆಂದೇ ನಿಲ್ಲು."

"ಇದು ಸುಳ್ಳಾಗುವುದಿಲ್ಲವೇ?" ಎಂದು ಅಣ್ಣ ಕೇಳಿದ.

"ಬೆಳಿಗ್ಗೆಯಿಂದ ಸಂಜೆವರೆಗೆ ಎಳೆಯುವವನು ಹೇಗೆ ಎಳೆಯುತ್ತಾನೋ ಹಾಗೆ ಎಳೆ ಎನ್ನುತ್ತಿದ್ದೇನೆ. ಅದು ಹೇಗೆ ಸುಳ್ಳು? ಅರಸರ ಮುಂದೆ ಎಳೆದೆಯಲ್ಲ, ಅದಪ್ಪಾ ಸುಳ್ಳು."

ಅಣ್ಣ ಕಲಿತ. ಸುರಿದು, ಒಂದು ಉಸಿರು ನಿಂತು, ಹಗ್ಗ ಬಿಡುವುದು ಕೈಗೆ ಬಂತು. ಆದರೂ ತಮ್ಮನಿಗೆ ಪೂರಾ ನಂಬಿಕೆ ಬರಲಿಲ್ಲ. ಅಳತೆಯ ದಿನ ಗುಂಡಿಯ ತಳಕ್ಕೆ ತಾನೇ ಇಳಿದು ಬಾನಿ ತುಂಬಿಸುತ್ತೇನೆ ಎಂದ. "ನೀನು ಮೈಮರೆತು ಜೋರು ಮಾಡಿದರೂ ಕೆಳಗೆ ನಾನು ತಡಮಾಡುತ್ತೇನೆ. ತುಂಬದ ಬಾನಿಯನ್ನು ನೀನು ಎಳೆಯಲಾರೆ. ಯಾಕೆ ತಡ ಎಂದರೆ ಕೆಮ್ಮು ಬಂತು ಎನ್ನುತ್ತೇನೆ. ನನ್ನ ಕೆಮ್ಮನ್ನು ಯಾರೂ ಸುಳ್ಳೆನ್ನುವುದಿಲ್ಲ."

ಆ ದಿನ ಬಂತು. ಅಧಿಕಾರಿ ಬಂದ. ಬಟ್ಟಲು ಕಾಯುವವನೊಬ್ಬ ಬಂದ. ಬಟ್ಟಲು ಮುಳುಗುವವರೆಗೆ ಬಾನಿಗಳನ್ನು ಎಣಿಸುವುದು, ಏನೇ ಆದರೂ ಬಟ್ಟಲಿನ ಮುಂದಿನಿಂದ ಏಳದಿರುವುದು ಅವನ ಕೆಲಸ. ಗಣಿಯ ಕೆಲಸ ಎಂದಿನಂತೆ ನಡೆದಿತ್ತು. ಸುರಂಗದಲ್ಲಿ ಏಳು ಜನ ಕಲ್ಲು ಒಡೆಯುತ್ತಿದ್ದರು. ಗೋಡೆಯ ಕಾಲುಗುಳಿಗಳನ್ನು ಹಿಡಿದು ತಮ್ಮ ತಳಕ್ಕೆ ಇಳಿದ. ಅಣ್ಣ ಹಲಗೆ ಹತ್ತಿದ. ಬಟ್ಟಲನ್ನು ತೇಲಿಬಿಟ್ಟರು.

ಮೊದಲ ಬಾನಿ ಬಂತು. ಅಣ್ಣ ಸುರಿದು ಒಂದು ಉಸಿರು ನಿಂತ. ಎರಡನೆಯದು ಬಂತು. ಸುರಿದು ಒಂದು ಉಸಿರು ನಿಂತ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧಿಕಾರಿ ಆಕಾಶ ನೋಡುತ್ತಿದ್ದ.

ಮೂರನೆಯ ಬಾನಿ ಅರ್ಧಕ್ಕೆ ಬಂದಾಗ ಕೆಳಗೆ ಏನೋ ಒಡೆದ ಸದ್ದಾಯಿತು. ಸುರಂಗದ ಆಚೆ ಒಂದು ಹಳೆಯ ಗುಂಡಿಯಿತ್ತು. ಬಿಟ್ಟುಹೋದ ಗುಂಡಿ, ನೀರು ತುಂಬಿ ನಿಂತದ್ದು. ನಡುವಿನ ಕಲ್ಲು ಬಿರುಕು ಬಿಟ್ಟು ಅದರ ನೀರು ಈ ತಳಕ್ಕೆ ನುಗ್ಗಿತ್ತು. ಸುರಂಗದ ಬಾಯಿ ಗಿಡ್ಡ; ತೆವಳಿಕೊಂಡೇ ಹೊರಬರಬೇಕು. ಬಾಯಿ ಮುಳುಗಿದರೆ ಒಳಗಿನ ಏಳು ಜನ ಅಲ್ಲೇ ಉಳಿಯುತ್ತಾರೆ. ತಮ್ಮ ನಿಂತದ್ದು ಬಾಯಿಯ ಹೊರಗೆ. ಅವನು ಬೇಕಾದರೆ ಆ ಕ್ಷಣವೇ ಗೋಡೆ ಹತ್ತಬಹುದಾಗಿತ್ತು. ಹತ್ತಲಿಲ್ಲ. "ಅಣ್ಣಾ, ಎಳೆ" ಎಂದು ಕೂಗಿದ.

ಉಳಿದ ಮೂರು ರಾಟೆಗಳಲ್ಲೂ ಜನ ಹಗ್ಗಕ್ಕೆ ಬಿದ್ದರು. ಅಣ್ಣ ಕಲಿತದ್ದನ್ನೆಲ್ಲ ಮರೆತ. ಅವನಿಗೆ ಬಟ್ಟಲು ಕಾಣಲಿಲ್ಲ. ಅಧಿಕಾರಿ ಕಾಣಲಿಲ್ಲ. ಅಂಗೈಯ ಚರ್ಮ ಸುಲಿದು ಹಗ್ಗ ಕೆಂಪಾಯಿತು. ತಡಮಾಡಲೆಂದು ಇಳಿದವನು ಕೆಳಗೆ ಸೊಂಟಮಟ್ಟದ ನೀರಿನಲ್ಲಿ ನಿಂತು, ಬಾನಿ ಮುಟ್ಟಿದ ಕೂಡಲೇ ಮುಳುಗಿಸಿ ತುಂಬಿ ಕೊಡುತ್ತಿದ್ದ. ನೀರು ಸುರಂಗದ ಬಾಯಿಯ ಮೇಲಂಚಿಗೆ ಒಂದು ಗೇಣು ಕೆಳಗೆ ನಿಂತಿತು, ಏರಲಿಲ್ಲ, ಇಳಿಯಲಿಲ್ಲ. ಒಬ್ಬೊಬ್ಬರಾಗಿ ಏಳು ಜನರೂ ತೆವಳಿ ಹೊರಬಂದು ಗೋಡೆ ಹತ್ತಿದರು. ತಮ್ಮನಿಗೆ ಹತ್ತಲು ಉಸಿರು ಉಳಿದಿರಲಿಲ್ಲ. ಕೊನೆಯ ಬಾನಿ ಇಳಿದಾಗ ಅದರೊಳಗೆ ಮುದುರಿ ಕುಳಿತ. ಅಣ್ಣ ಎಳೆದ. ತಮ್ಮನನ್ನು ದಡಕ್ಕೆ ಹಾಕಿ, ಅವನ ಪಕ್ಕದಲ್ಲೇ ತಾನೂ ಬಿದ್ದುಕೊಂಡ.

ಆಗ ಬಟ್ಟಲು ಮುಳುಗಿತು.

"ನಲವತ್ತೈದು" ಎಂದ ಎಣಿಸುವವನು. ಅವನೂ ತನ್ನ ಕೆಲಸವನ್ನು ಬಿಟ್ಟಿರಲಿಲ್ಲ.

ಆ ಸಂಖ್ಯೆ ಕೇಳಿ ಜನರ ಅಳು ನಗು ಎರಡೂ ನಿಂತವು. ಬದುಕಿ ಬಂದ ಏಳು ಜನರೂ ಅಧಿಕಾರಿಯ ಕಡೆಗೆ ನೋಡಿದರು. ಅಣ್ಣ ಎದ್ದು ಹೋಗಿ ಅವನ ಕಾಲು ಹಿಡಿದ. ರಕ್ತ ಅಧಿಕಾರಿಯ ಪಾದಕ್ಕೆ ಮೆತ್ತಿತು.

"ಸ್ವಾಮಿ, ಕೆಳಗೆ ನನ್ನ ತಮ್ಮ ಇದ್ದ."

"ನಾನೂ ಇಲ್ಲೇ ನಿಂತಿದ್ದೆನಪ್ಪ. ನೋಡಿದೆ." ಅಧಿಕಾರಿಯ ಕಣ್ಣೂ ಒದ್ದೆಯಾಗಿತ್ತು.

"ಕೊನೆಯ ಬಾನಿಯಲ್ಲಿ ನೀರೂ ಇರಲಿಲ್ಲ. ಇವನಿದ್ದ."

"ಹೌದು."

"ಇದನ್ನು ಬರೆಯಬೇಡಿ."

"ಕಂಡದ್ದನ್ನು ಬರೆಯದೆ ಹೇಗೆ ಇರಲಿ? ಕಟ್ಟಳೆ ನಿನಗೂ ಗೊತ್ತು. ಇನ್ನೊಮ್ಮೆ ಎಳೆಸುವ ಹಾಗಿಲ್ಲ." ಅಧಿಕಾರಿ ಬಗ್ಗಿ ಅವನನ್ನು ಎತ್ತಿ ನಿಲ್ಲಿಸಿದ. "ಮನುಷ್ಯನಿಂದ ಇಷ್ಟು ಆಗುವುದಿಲ್ಲ ಎಂದು ನಾನೂ ನಂಬಿದ್ದೆ. ಆಗುತ್ತದೆ ಎಂದು ಈಗ ಗೊತ್ತಾಯಿತಲ್ಲ. ಗೊತ್ತಾದ ಮೇಲೆ ಗೊತ್ತಿಲ್ಲ ಎನ್ನಲಾರೆ."

ಆದರೂ ಅವನು ಕರುಣೆಯಿಲ್ಲದವನಲ್ಲ. ಸ್ವಲ್ಪ ಯೋಚಿಸಿ, "ಐದು ಬಾನಿ ಇಳಿಸಿ ಎಂದು ನೀನು ಕೇಳಿದ್ದೆ. ಇಳಿಸಿದ್ದೇನೆ" ಎಂದು ಹೇಳಿ ನಲವತ್ತು ಎಂದು ಬರೆದ.

ಆ ವರ್ಷ ಒಂದು ಜೀವವೂ ಹೊಸದಾಗಿ ಸೇರದೆ, ಒಬ್ಬೊಬ್ಬನ ಲೆಕ್ಕದಲ್ಲಿ ಹತ್ತು ಬಾನಿ ಏರಿದ್ದರಿಂದಲೇ, ಆರು ಮೇರುವಿನ ರಾಜ್ಯ ಎಂಟು ಮೇರುವಿನದಾಯಿತು. ರಾಜಧಾನಿಯಲ್ಲಿ ಆನೆಯ ಮೇಲಿನಿಂದ ಸಕ್ಕರೆ ಹಂಚಿದರು. ಪಕ್ಕದ ಅರಸ ಕಾಣಿಕೆ ಕಳಿಸಿದ. ಎರಡು ಮೇರು ಹೆಚ್ಚು ಬಂದಿತಲ್ಲ, ಅದಕ್ಕೆ ತಕ್ಕ ಕೆಲಸವನ್ನೂ ಹುಡುಕಿದರು.

ಗಣಿಯಲ್ಲಿ ಇಪ್ಪತ್ತು ಬಾನಿ ಎತ್ತುವವನು ಈಗ ಅರ್ಧ ಆಳು. ಹದಿನೈದು ಎತ್ತುವವನಿಗೆ ಏನೆನ್ನಬೇಕೆಂದು ಹೆಸರಿರಲಿಲ್ಲ. ನೀರಿನಲ್ಲಿ ನಿಂತ ದಿನದಿಂದ ತಮ್ಮನ ಉಬ್ಬಸ ಹೆಚ್ಚಾಗಿತ್ತು, ಹದಿನೈದೂ ಆಗುತ್ತಿರಲಿಲ್ಲ. ಆದರೂ ಅವನು ದಿನವೂ ಹಲಗೆ ಹತ್ತಿದ. ಹತ್ತದಿದ್ದರೆ ಏನೂ ಸಿಗುತ್ತಿರಲಿಲ್ಲ. ಅಣ್ಣ ಪಕ್ಕದ ರಾಟೆಯನ್ನು ಕೇಳಿ ಪಡೆದ. ತಾನು ಎತ್ತಿದ ಬಾನಿಗಳಲ್ಲಿ ಎರಡು ಮೂರನ್ನು ತಮ್ಮನ ಲೆಕ್ಕಕ್ಕೆ ಸೇರಿಸಿ ಎಂದು ಎಣಿಸುವವನನ್ನು ಬೇಡಿದ. ಹಾಗೆ ಸೇರಿಸಿದರೆ ಇಬ್ಬರ ಅಳತೆಯೂ ಸುಳ್ಳಾಗುತ್ತದೆ ಎಂದು ಎಣಿಸುವವನು ಹೇಳಿದ.

ಒಂದು ದಿನ ಬಾನಿ ಸುರಿದ ತಮ್ಮ, ಹಗ್ಗ ಹಿಡಿದುಕೊಂಡೇ ನಿಂತ. ಅಣ್ಣ ಕಡೆಗಣ್ಣಲ್ಲಿ ನೋಡಿದ. ಒಂದು ಉಸಿರು ನಿಂತಿದ್ದಾನೆ ಎಂದುಕೊಂಡ. ತನ್ನ ಬಾನಿಯನ್ನು ಎಳೆದು ಸುರಿದ. ಮತ್ತೆ ನೋಡಿದ. ರಾಟೆಯ ಕಂಬಕ್ಕೆ ಒರಗಿ ತಮ್ಮ ಹಾಗೆಯೇ ನಿಂತಿದ್ದ. ಅಣ್ಣ ಇನ್ನೂ ಒಂದು ಬಾನಿ ಎಳೆದ.

ಆಮೇಲೆ ಕೆಳಗಿನವನು, "ಮೇಲೆ ಯಾರಪ್ಪಾ, ಹಗ್ಗ ಬಿಡು" ಎಂದು ಕೂಗಿದ.

ಒಂದು ಆಳು ಅರ್ಧ ಆನೆಗಿಂತ ಬಹಳ ಕಡಿಮೆ. ತಮ್ಮ ಒಂದು ಆಳೂ ಆಗಿರಲಿಲ್ಲ. ರಾಜ್ಯದ ಬಲ ಎಂಟು ಮೇರು ಇತ್ತು, ಎಂಟೇ ಉಳಿಯಿತು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ನೆಲದ ಮೇಲೆ ಬೆರಳಿನಿಂದ ಏನೋ ಬರೆದು ಅಳಿಸುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿದ. ಅವನ ಮುಖದಲ್ಲಿ ದುಃಖವೂ ಇತ್ತು, ಉತ್ತರ ಸಿಕ್ಕಿದ ಬೆಳಕೂ ಇತ್ತು.

"ತಪ್ಪಾದದ್ದು ಎಲ್ಲಿ ಎಂದು ಕಾಣುತ್ತದೆ ಗುರುಗಳೇ. ಒಂದು ಗಳಿಗೆಯ ಬಲವನ್ನು ಇಡೀ ದಿನದ್ದೆಂದು ಹಿಡಿದರು. ಎಲ್ಲರಿಗಿಂತ ಗಟ್ಟಿಗನನ್ನು ಎಲ್ಲರ ಬದಲು ನಿಲ್ಲಿಸಿದರು. ಬುಡದಲ್ಲಿ ತಪ್ಪಿದ್ದು ಮೇಲಕ್ಕೆ ಹೋಗುತ್ತ ಮೇರುವಿನಷ್ಟಾಯಿತು. ನಾನು ಹಾಗೆ ಮಾಡುವುದಿಲ್ಲ. ನೂರು ಜನರನ್ನು ನಿಲ್ಲಿಸುತ್ತೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ, ಊಟ ವಿಶ್ರಾಂತಿ ಎಲ್ಲ ಸೇರಿಸಿ ಅಳೆಯುತ್ತೇನೆ. ಗಟ್ಟಿಗನನ್ನೂ ಬಿಟ್ಟು, ಬಡಕಲನನ್ನೂ ಬಿಟ್ಟು, ಸರಿಯಾಗಿ ನಡುವಿನವನು ಎತ್ತಿದ್ದನ್ನು ಒಂದು ಆಳು ಎನ್ನುತ್ತೇನೆ. ಆಗ ಮೇಲೆ ಮೇರುವೂ ಸರಿ, ಕೆಳಗೆ ಆಳೂ ಸರಿ. ಅಲ್ಲವೇ?"

ಗುರು ಎದ್ದು, ಬಾಗಿಲ ಬಳಿಯಿದ್ದ ಗಂಟನ್ನು ತಂದು ಅವನ ಕೈಗೆ ಕೊಟ್ಟು, "ಸರಿಯಪ್ಪ, ನಡುವಿನವನ ಅಳತೆಯಲ್ಲೂ ಆ ತಮ್ಮ ಸಾಯುತ್ತಾನೆ" ಎಂದರು.